ರಿಸೀವರ್ ದಾಟಿ 4ಕೆ, 120 ಹರ್ಟ್ಜ್: ಕೆಲಸದ ಟಿಪ್ಪಣಿಗಳು

ಶನಿವಾರ

ಪ್ಲೇಸ್ಟೇಷನ್ 5 ಆಟದ ಕನ್ಸೋಲನ್ನು ಟಿವಿಗೆ ನೇರವಾಗಿ ಸಿಕ್ಕಿಸಿದರೆ 4ಕೆ, 120 ಹರ್ಟ್ಜ್ (ಸೆಕೆಂಡಿಗೆ 120 ಫ್ರೇಮ್), ಎಚ್‌ಡಿಆರ್ (ಬೆಳಕು-ನೆರಳಿನ ಹೆಚ್ಚಿನ ವ್ಯಾಪ್ತಿ) ಮೂರೂ ಬರುತ್ತವೆ. ಅದನ್ನೇ ಸ್ಪೀಕರ್‌ಗಳಿಗೆ ಧ್ವನಿ ಹಂಚುವ ಹೋಮ್ ಥಿಯೇಟರ್ ರಿಸೀವರಿನ ಮೂಲಕ ಹಾಯಿಸಿದರೆ ಚಿತ್ರ 1080ಪಿಗೆ ಇಳಿಯುತ್ತದೆ. ಕನ್ಸೋಲ್ ಸರಿ ಇದೆ, ಟಿವಿಯೂ ಸರಿ ಇದೆ. ಹುಡುಕಬೇಕಾದದ್ದು ನಡುವೆ.

ಕನ್ಸೋಲನ್ನು ಟಿವಿಗೇ ಸಿಕ್ಕಿಸಿ, ಧ್ವನಿಯನ್ನು ಮಾತ್ರ ಟಿವಿಯಿಂದ ಇಎಆರ್‌ಸಿ (ಎಚ್‌ಡಿಎಂಐ ಕೇಬಲಿನಲ್ಲೇ ಧ್ವನಿಯನ್ನು ಹಿಂದಕ್ಕೆ ಕಳುಹಿಸುವ ವ್ಯವಸ್ಥೆ) ಮೂಲಕ ರಿಸೀವರಿಗೆ ತಂದುಕೊಂಡರೆ ಸಾಲದೇ ಎಂದು ಕೇಳಬಹುದು. ಇಎಆರ್‌ಸಿ ಒಳ್ಳೆಯ ವ್ಯವಸ್ಥೆಯೇ. 24 ಬಿಟ್, 192 ಕಿಲೋಹರ್ಟ್ಜ್‌ನ ಎಂಟು ವಾಹಿನಿಗಳನ್ನು ಸಂಕುಚಿಸದೆ ಹೊರಬಲ್ಲದು. ಆದರೆ ನನ್ನ ಟಿವಿ, ಕನ್ಸೋಲಿನಿಂದ ಬಂದ ಬಹುವಾಹಿನಿ ಪಿಸಿಎಂ (ಸಂಕುಚಿಸದ) ಧ್ವನಿಯನ್ನು ಎರಡೇ ವಾಹಿನಿಗೆ ಇಳಿಸಿ ಮುಂದಕ್ಕೆ ಕಳುಹಿಸುತ್ತದೆ. ಹಿಂಬದಿಯ ಸ್ಪೀಕರ್‌ಗಳಿಗೆ ಕೆಲಸವೇ ಇಲ್ಲ. ಆಟದಲ್ಲಿ ಬೆನ್ನ ಹಿಂದೆ ನಡೆಯುವವನ ಹೆಜ್ಜೆಸಪ್ಪಳ ಬೆನ್ನ ಹಿಂದಿನಿಂದಲೇ ಕೇಳಬೇಕು. ಇಷ್ಟೆಲ್ಲ ಸ್ಪೀಕರ್ ಜೋಡಿಸಿರುವುದೇ ಅದಕ್ಕೆ. ಆದ್ದರಿಂದ ರಿಸೀವರನ್ನು ನಡುವಿನಿಂದ ತೆಗೆಯುವ ಮಾತಿಲ್ಲ.

ಮೊದಲು ನೋಡಿದ್ದು ಪೋರ್ಟ್‌ಗಳನ್ನು. ರಿಸೀವರಿನ ಹಿಂಬದಿಯಲ್ಲಿ ಎಚ್‌ಡಿಎಂಐ ಪೋರ್ಟ್‌ಗಳು ಸಾಲಾಗಿ ಇದ್ದರೂ 120 ಹರ್ಟ್ಜ್ ದಾಟಿಸುವುದು ‘8ಕೆ’ ಎಂದು ಅಚ್ಚಾಗಿರುವ ಒಂದೇ ಒಂದು. ಕನ್ಸೋಲ್ ಅದರಲ್ಲೇ ಇದೆ. ಟಿವಿಯ ಕಡೆಯೂ ಸರಿಯಾದ ಪೋರ್ಟೇ. ಕನ್ಸೋಲಿನಲ್ಲಿ ನಕಲು ತಡೆಯುವ ಎಚ್‌ಡಿಸಿಪಿಯನ್ನು ತಾತ್ಕಾಲಿಕವಾಗಿ ಆರಿಸಿ ನೋಡಿದೆ. ಏನೂ ಬದಲಾಗಲಿಲ್ಲ. ಅದಿಲ್ಲದೆ ಸಿನಿಮಾ ಆ್ಯಪ್‌ಗಳು ನಡೆಯುವುದಿಲ್ಲವಾದ್ದರಿಂದ ಮತ್ತೆ ಹಚ್ಚಿದೆ.

ಭಾನುವಾರ

1080ಪಿಯ ಗುಟ್ಟು ರಟ್ಟಾಯಿತು. ರಿಸೀವರಿಗೆ ಎರಡು ಹೊರದಾರಿಗಳಿವೆ. ಒಂದಕ್ಕೆ ಟಿವಿ, ಇನ್ನೊಂದಕ್ಕೆ ಹಳೆಯ 1080ಪಿ ಪ್ರೊಜೆಕ್ಟರ್. ಪ್ರೊಜೆಕ್ಟರಿನ ಕೇಬಲ್ ಕಿತ್ತ ಮರುಗಳಿಗೆಯೇ ಕನ್ಸೋಲಿನ ಪರದೆ ಒಮ್ಮೆ ಕಪ್ಪಾಗಿ 4ಕೆಯಲ್ಲಿ ಎದ್ದು ಬಂತು.

ಪ್ರೊಜೆಕ್ಟರ್ ಆರಿಸಿಯೇ ಇತ್ತಲ್ಲ, ಅದು ಹೇಗೆ ಅಡ್ಡಿ ಮಾಡಿತು? ಇದು ತಿಳಿದಿರಲೇಬೇಕಾದ ಸಂಗತಿ. ಪ್ರತಿ ಪರದೆಯೂ ತನ್ನ ಸಾಮರ್ಥ್ಯದ ವಿವರವನ್ನು ಇಡಿಐಡಿ ಎಂಬ ಪುಟ್ಟ ದಾಖಲೆಯಲ್ಲಿ ಇಟ್ಟುಕೊಂಡಿರುತ್ತದೆ. 128 ಬೈಟ್‌ಗಳ ಒಂದೊಂದು ಕಟ್ಟು. ಎಚ್‌ಡಿಎಂಐನ 19 ಪಿನ್‌ಗಳಲ್ಲಿ 18ನೆಯದು ಚಿತ್ರ ಕಳುಹಿಸುವ ಕಡೆಯಿಂದ 5 ವೋಲ್ಟ್ ಒಯ್ಯುತ್ತದೆ. ಪರದೆ ಆರಿದ್ದರೂ ದಾಖಲೆಯನ್ನು ಓದಲು ಆ 5 ವೋಲ್ಟ್ ಸಾಕು. ಕನ್ಸೋಲ್ ಟಿವಿಯ ದಾಖಲೆಯನ್ನು ನೇರವಾಗಿ ನೋಡುವುದೇ ಇಲ್ಲ. ರಿಸೀವರ್ ಎರಡೂ ಪರದೆಗಳ ದಾಖಲೆ ಓದಿ, ತನ್ನ ಮಿತಿಯನ್ನೂ ಸೇರಿಸಿ, ಎಲ್ಲರಿಗೂ ಒಪ್ಪುವ ಹೊಸದೊಂದನ್ನು ಕನ್ಸೋಲಿನ ಮುಂದಿಡುತ್ತದೆ. ಎರಡೂ ಹೊರದಾರಿಗಳು ತೆರೆದಿದ್ದಾಗ ಇಬ್ಬರಿಗೂ ಒಪ್ಪುವುದು 1080ಪಿ ಮಾತ್ರ.

ಪ್ರೊಜೆಕ್ಟರನ್ನು ಬಿಡುವುದಿಲ್ಲ. ರಿಸೀವರಿನ ಮೆನುವಿನಲ್ಲಿ ಹೊರದಾರಿಯನ್ನು ‘ಆಟೋ, ಎರಡೂ’ ಎಂಬಲ್ಲಿಂದ ‘ಒಂದನೆಯದು ಮಾತ್ರ’ ಎಂದು ಬದಲಿಸಿ ಕೇಬಲ್ ಮತ್ತೆ ಸಿಕ್ಕಿಸಿದೆ. ಚಿತ್ರ 4ಕೆಯಲ್ಲೇ ಉಳಿಯಿತು.

ಆದರೆ ಎಂಥ 4ಕೆ? ಕನ್ಸೋಲಿನ ವಿಡಿಯೋ ಔಟ್‌ಪುಟ್ ಮಾಹಿತಿ ಪುಟದಲ್ಲಿ ಕಂಡದ್ದು: 3840 × 2160, 60 ಹರ್ಟ್ಜ್, ವೈಯುವಿ 420, ಎಚ್‌ಡಿಆರ್‌ಗೆ ಬೆಂಬಲವಿಲ್ಲ. ಈ ಪುಟದ ಬಣ್ಣದ ಸಾಲನ್ನು, ಅಂದರೆ ‘ವೈಯುವಿ 420’ ಎಂಬುದನ್ನು, ಹೆಚ್ಚಿನವರು ಓದುವುದಿಲ್ಲ. ನನಗೆ ಇಡೀ ಹುಡುಕಾಟದಲ್ಲಿ ಅದಕ್ಕಿಂತ ಒಳ್ಳೆಯ ಸುಳಿವು ಸಿಗಲಿಲ್ಲ. ಲೆಕ್ಕ ಹಾಕಿ ನೋಡಿ. 4ಕೆಯ ಒಂದು ಫ್ರೇಮ್, ಅಂಚಿನ ಖಾಲಿ ಭಾಗವೂ ಸೇರಿ, 4400 × 2250 ಬಿಂದುಗಳು. ಸೆಕೆಂಡಿಗೆ 60 ಫ್ರೇಮ್, ಬಿಂದುವಿಗೆ 24 ಬಿಟ್, ಹಳೆಯ ಸಂಕೇತ ಪದ್ಧತಿಯಲ್ಲಿ 8 ಬಿಟ್‌ಗೆ 10 ಬಿಟ್ ಹೋಗುವುದರಿಂದ ಒಟ್ಟು 17.82 ಗಿಗಾಬಿಟ್. ಬಣ್ಣದ ವಿವರವನ್ನು ತೆಳುಗೊಳಿಸಿ 420ಕ್ಕೆ ಇಳಿಸಿದರೆ ಅದರ ಅರ್ಧ, 8.91. ಎಚ್‌ಡಿಆರ್‌ಗೆ ಬೇಕಾದ 10 ಬಿಟ್ ಸೇರಿಸಿದರೆ 420ರಲ್ಲೂ 11 ದಾಟುತ್ತದೆ. 8.91 ಹೋಗುತ್ತಿದೆ, 11 ಹೋಗುತ್ತಿಲ್ಲ. ಅಂದರೆ ನಡುವೆ ಎಲ್ಲೋ 10.2 ಗಿಗಾಬಿಟ್‌ನ ಗಡಿ ಇದೆ. ಅದು 2009ರ ಎಚ್‌ಡಿಎಂಐ 1.4ರ ಗಡಿ!

ಹೊಸ ರಿಸೀವರಿನಲ್ಲಿ ಅಷ್ಟು ಹಳೆಯ ಗಡಿ ಏಕೆ? ಹಳೆಯ ಉಪಕರಣಗಳಿಗೆ ತೊಂದರೆಯಾಗದಿರಲೆಂದು ಪ್ರವೇಶಗಳನ್ನು ‘ಸ್ಟ್ಯಾಂಡರ್ಡ್’ ಸ್ಥಿತಿಯಲ್ಲಿಟ್ಟು ಕಳುಹಿಸುತ್ತಾರೆ. ವಿಡಿಯೋ ಮೆನುವಿನಲ್ಲಿ ‘4ಕೆ ಎನ್‌ಹಾನ್ಸ್ಡ್’ ಆಯ್ದುಕೊಂಡೆ. ಮಾಹಿತಿ ಪುಟ ಬದಲಾಯಿತು: 60 ಹರ್ಟ್ಜ್, ವೈಯುವಿ 422, ಎಚ್‌ಡಿಆರ್ ಇದೆ. ಗಡಿ 18 ಗಿಗಾಬಿಟ್‌ಗೆ ಸರಿದಿದೆ. ಬಣ್ಣವನ್ನು ತೆಳುಗೊಳಿಸದ 10 ಬಿಟ್‌ನ ಪೂರ್ಣ ಆರ್‌ಜಿಬಿಗೆ 22 ದಾಟಬೇಕಾಗುವುದರಿಂದ ಕನ್ಸೋಲ್, 420ಕ್ಕಿಂತ ಕಡಿಮೆ ತೆಳುಗೊಳಿಸುವ 422 ಆರಿಸಿಕೊಂಡಿದೆ. ಟಿವಿಯಲ್ಲೂ ಇಂಥದೇ ಆಯ್ಕೆ ಪೋರ್ಟಿಗೊಂದರಂತೆ ಇರುತ್ತದೆ, ತಯಾರಕರು ಒಬ್ಬೊಬ್ಬರು ಒಂದೊಂದು ಹೆಸರಿಡುತ್ತಾರೆ. ನನ್ನ ಟಿವಿಯಲ್ಲಿ ಮೊದಲೇ ಹಚ್ಚಿತ್ತು.

ಅದೇ ರಾತ್ರಿ ಆಟದ ಕತ್ತಲೆಯ ದೃಶ್ಯವೊಂದರಲ್ಲಿ ಗೋಡೆಯ ಮೇಲೆ ಬಿಳಿಯ ಚುಕ್ಕೆಗಳು ಮಿಂಚಿ ಮಾಯವಾದವು. ಅಲ್ಲೊಂದು ಇಲ್ಲೊಂದು, ಒಂದು ಬಿಂದುವಿನಷ್ಟೇ ಅಗಲ. ಇದನ್ನು ಬರೆದಿಟ್ಟುಕೊಂಡೆ.

ಮುಂದಿನ ಶನಿವಾರ

ಇಂದು ‘8ಕೆ ಎನ್‌ಹಾನ್ಸ್ಡ್’ಗೆ ಏರಿಸಿದೆ. ಪರದೆ ಕಪ್ಪಾಯಿತು, ಚಿತ್ರ ಬಂತು, ಮತ್ತೆ ಕಪ್ಪಾಯಿತು. ಆಮೇಲೆ ಬರಲೇ ಇಲ್ಲ. ಹೀಗಾದಾಗ ದಾರಿ ಇದೆ: ಕನ್ಸೋಲನ್ನು ಪೂರ್ತಿ ಆರಿಸಿ, ಪವರ್ ಗುಂಡಿಯನ್ನು ಎರಡನೇ ಬೀಪ್ ಕೇಳುವವರೆಗೆ, ಸುಮಾರು 7 ಸೆಕೆಂಡು, ಒತ್ತಿ ಹಿಡಿದರೆ ಸೇಫ್ ಮೋಡ್ ತೆರೆಯುತ್ತದೆ. ನಿಯಂತ್ರಕವನ್ನು ಯುಎಸ್‌ಬಿ ಕೇಬಲಿನಲ್ಲೇ ಜೋಡಿಸಬೇಕು. ಅಲ್ಲಿಂದ ರೆಸಲ್ಯೂಷನ್ ಇಳಿಸಿ ಹೊರಬಂದೆ.

ಚುಕ್ಕೆಗಳ ನೆನಪಿದ್ದುದರಿಂದ ಅನುಮಾನ ನೇರವಾಗಿ, ರಿಸೀವರಿನಿಂದ ಟಿವಿಗೆ ಹೋಗುವ ಗೋಡೆಯೊಳಗಿನ 10 ಮೀಟರ್ ಕೇಬಲಿನ ಮೇಲೆ ಬಿತ್ತು. ಪರೀಕ್ಷೆ ಸರಳ, ಮೈಗೆ ಮಾತ್ರ ಶ್ರಮ. ಸ್ಪೀಕರ್ ತಂತಿಗಳನ್ನೆಲ್ಲ ಬಿಚ್ಚಿ, ರಿಸೀವರನ್ನು ಎತ್ತಿ ತಂದು ಟಿವಿಯ ಪಕ್ಕದಲ್ಲೇ ಇಟ್ಟು, ಕನ್ಸೋಲಿನ ಜೊತೆಗೆ ಬಂದ ಕೇಬಲ್ ಒಂದು ಕಡೆ, ಅಲ್ಟ್ರಾ ಹೈ ಸ್ಪೀಡ್ ಪ್ರಮಾಣಪತ್ರವಿರುವ ಗಿಡ್ಡ ಕೇಬಲ್ ಇನ್ನೊಂದು ಕಡೆ ಜೋಡಿಸಿದೆ. 120 ಹರ್ಟ್ಜ್ ಬೆಂಬಲಿಸುವ ಆಟ ತೆರೆದೆ. ಮಾಹಿತಿ ಪುಟ ಹೇಳಿತು: 3840 × 2160, 120 ಹರ್ಟ್ಜ್, ವೈಯುವಿ 422, ಎಚ್‌ಡಿಆರ್. ಮಿಣುಕಿಲ್ಲ, ಚುಕ್ಕೆಯಿಲ್ಲ. ರಿಸೀವರ್ ನಿರ್ದೋಷಿ ಎಂದು ಸಾಬೀತಾಯಿತು, ನನಗೆ ಹೇಳತೀರದ ಖುಷಿ.

422 ಎಂದು ಇಲ್ಲಿ ಬೇಸರಪಡಬೇಕಿಲ್ಲ. ಪ್ಲೇಸ್ಟೇಷನ್ 5ರ ಹೊರದಾರಿಯೇ 32 ಗಿಗಾಬಿಟ್‌ನದು. 120 ಹರ್ಟ್ಜ್ ಜೊತೆ ಎಚ್‌ಡಿಆರ್ ಬೇಕೆಂದರೆ ಅದು 422ರಲ್ಲೇ ಕೊಡುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನದು 40. ಈ ವ್ಯತ್ಯಾಸ ಒಮ್ಮೆ ದೊಡ್ಡ ಗೊಂದಲಕ್ಕೂ ಕಾರಣವಾಗಿತ್ತು: 2020ರಲ್ಲಿ ಬಂದ ಕೆಲವು ರಿಸೀವರ್‌ಗಳಲ್ಲಿ ಎಚ್‌ಡಿಎಂಐ ಚಿಪ್ಪಿನ ದೋಷದಿಂದ ಎಕ್ಸ್‌ಬಾಕ್ಸಿನ 4ಕೆ 120 ದಾಟದೆ ಪರದೆ ಕಪ್ಪಾಗುತ್ತಿತ್ತು, ಪ್ಲೇಸ್ಟೇಷನ್ 5ರದು ದಾಟುತ್ತಿತ್ತು. ಹಳೆಯ ರಿಸೀವರನ್ನು ಇನ್ನೊಬ್ಬರಿಂದ ಕೊಳ್ಳುವವರು ಇದನ್ನು ವಿಚಾರಿಸಿಯೇ ಕೊಳ್ಳಬೇಕು.

18 ಗಿಗಾಬಿಟ್‌ನಲ್ಲಿ ಚುಕ್ಕೆ ತೋರಿದ ಕೇಬಲ್ 32ರಲ್ಲಿ ಚಿತ್ರವನ್ನೇ ಕೈಬಿಟ್ಟದ್ದು ಏಕೆಂದು ಓದಿ ತಿಳಿದುಕೊಂಡೆ. ಎಚ್‌ಡಿಎಂಐ 2.0ರವರೆಗೆ ಮೂರು ಜೋಡಿ ತಂತಿಗಳು ಚಿತ್ರವನ್ನೂ ನಾಲ್ಕನೆಯದು ಗಡಿಯಾರದ ಸಂಕೇತವನ್ನೂ ಒಯ್ಯುತ್ತಿದ್ದವು. ತಪ್ಪು ತಿದ್ದುವ ಏರ್ಪಾಡು ಚಿತ್ರಕ್ಕೆ ಇರಲಿಲ್ಲ, ಆದ್ದರಿಂದ ಹಾಳಾದ ಪ್ರತಿ ಬಿಟ್ ಚುಕ್ಕೆಯಾಗಿ ಕಾಣುತ್ತಿತ್ತು. 2017ರ 2.1ರ ಹೊಸ ಪದ್ಧತಿಯಲ್ಲಿ ನಾಲ್ಕನೆಯ ಜೋಡಿಯೂ ಚಿತ್ರ ಹೊರುತ್ತದೆ. 32 ಗಿಗಾಬಿಟ್ ಎಂದರೆ ಜೋಡಿಗೆ 8. ಇದುವರೆಗೆ ನಿಧಾನದ ಗಡಿಯಾರವನ್ನಷ್ಟೇ ಹೊತ್ತಿದ್ದ ಜೋಡಿಯ ಮೇಲೆ ಒಮ್ಮೆಲೇ ಅಷ್ಟು ಭಾರ. ಜೊತೆಗೆ ಇಲ್ಲಿ ತಪ್ಪು ತಿದ್ದುವ ಗಣಿತ ಇದೆ. ಅದು ನಿಭಾಯಿಸುವಷ್ಟು ದಿನ ಚಿತ್ರ ಶುಭ್ರ, ಮೀರಿದ ಕ್ಷಣ ಸಂಪರ್ಕವೇ ಕಡಿದು ಹೋಗುತ್ತದೆ.

ಅದರ ಮುಂದಿನ ವಾರ

ಗೋಡೆಯೊಳಗೆ ಆಪ್ಟಿಕಲ್ ಫೈಬರ್ ಕೇಬಲ್ ಎಳೆದಾಯಿತು. ಅಷ್ಟು ಉದ್ದಕ್ಕೆ ತಾಮ್ರವನ್ನು ಮತ್ತೆ ನಂಬಲು ಮನಸ್ಸಾಗಲಿಲ್ಲ. ಇದಕ್ಕೆ ದಿಕ್ಕಿದೆ: ‘ಸೋರ್ಸ್’ ಎಂದಿರುವ ತುದಿ ರಿಸೀವರಿಗೆ, ‘ಡಿಸ್‌ಪ್ಲೇ’ ಎಂದಿರುವುದು ಟಿವಿಗೆ. ತಿರುವುಮುರುವಾಗಿ ಎಳೆದರೆ ಚಿತ್ರವೇ ಇಲ್ಲ, ಆದ್ದರಿಂದ ಎಳೆಯುವ ಮುನ್ನ ನೆಲದ ಮೇಲೆ ಹಾಸಿಯೇ ಪರೀಕ್ಷಿಸಿದೆ. ಇಎಆರ್‌ಸಿ ಬೆಂಬಲವನ್ನೂ ನೋಡಿ ಕೊಂಡೆ, ಟಿವಿಯ ಸ್ವಂತ ಆ್ಯಪ್‌ಗಳ ಧ್ವನಿ ಬರುವುದು ಅದರಲ್ಲೇ.

ಈಗ ರಿಸೀವರ್ ತನ್ನ ಜಾಗದಲ್ಲಿದೆ. 120 ಹರ್ಟ್ಜ್ ಗಟ್ಟಿಯಾಗಿ ನಿಂತಿದೆ, ಹಿಂಬದಿಯ ಸ್ಪೀಕರ್‌ಗಳಿಗೂ ಧ್ವನಿ ಬರುತ್ತಿದೆ. ರಿಮೋಟಿನ ಒಂದು ಗುಂಡಿಗೆ ‘ಒಂದನೆಯ ಹೊರದಾರಿ ಮಾತ್ರ’, ಇನ್ನೊಂದಕ್ಕೆ ‘ಎರಡನೆಯದು ಮಾತ್ರ’ ಎಂದು ಉಳಿಸಿಟ್ಟಿದ್ದೇನೆ. ಪ್ರೊಜೆಕ್ಟರ್ ಬೇಕಾದಾಗ ಮೆನುವಿಗೆ ಹೋಗಬೇಕಿಲ್ಲ. ವಿಆರ್‌ಆರ್ (ಪರದೆಯ ವೇಗವನ್ನು ಆಟಕ್ಕೆ ಹೊಂದಿಸುವ ವ್ಯವಸ್ಥೆ) ಹಚ್ಚಿದಾಗ ಟಿವಿಯ ಮಾಹಿತಿ ಪಟ್ಟಿಯಲ್ಲಿ ಹರ್ಟ್ಜ್ ಸಂಖ್ಯೆ ಆಟದ ವೇಗಕ್ಕೆ ತಕ್ಕಂತೆ ಏರಿಳಿಯುತ್ತಿದೆ, ಅಂದರೆ ಅದೂ ರಿಸೀವರನ್ನು ದಾಟುತ್ತಿದೆ. ಬಾಕಿ ಇರುವುದು ಧ್ವನಿ ಮತ್ತು ಚಿತ್ರದ ನಡುವಿನ ಅಂತರವನ್ನು ಅಳೆಯುವುದು. ಅದಕ್ಕೆ ರಿಸೀವರಿನ ಧ್ವನಿ ವಿಳಂಬವನ್ನು ಸೊನ್ನೆಗೆ ಇಳಿಸಿ, ಟಿವಿಯನ್ನು ಗೇಮ್ ಮೋಡ್‌ನಲ್ಲಿಟ್ಟು ಆರಂಭಿಸುತ್ತೇನೆ.