ಉಹುರಾ ಬಸ್ಟ್: ಮುಖದ ಬಣ್ಣ ಕೊನೆಗೂ ಕೂತಿತು

ಕೊನೆಗೂ ಮುಖ ಕೂತಿತು! ಅಮೆರಿಕದ ನಟಿ ನಿಶೆಲ್ ನಿಕೋಲ್ಸ್ ಸರಣಿಯ ಮೂರನೇ ಬಸ್ಟ್ (ತಲೆಯಿಂದ ಎದೆಯವರೆಗಿನ ಪುಟ್ಟ ಮೂರ್ತಿ), ಅಂದರೆ ಅಂತರಿಕ್ಷದ ಟೀವಿ ಧಾರಾವಾಹಿ ಸ್ಟಾರ್ ಟ್ರೆಕ್‌ನ ಕೆಂಪು ಯೂನಿಫಾರ್ಮಿನ ಉಹುರಾ, ಈಗ ವಾರ್ನಿಶ್ ಒಣಗಿಸಿಕೊಂಡು ಕೂತಿದ್ದಾಳೆ. ರೆಸಿನ್ ತಿಕ್ಕಿದ್ದು, ಪ್ರೈಮರ್ ಹೊಡೆದಿದ್ದು ಎಲ್ಲ ಮಾಮೂಲಿ, ಅದನ್ನು ಬಿಡಿ.

ಹೊಸದಾಗಿ ಓದುವವರಿಗೆ ಒಂದು ಮಾತು. ಈ ನಟಿಯ ವೃತ್ತಿಬದುಕನ್ನು ನಾಲ್ಕು ಬಸ್ಟ್‌ಗಳಲ್ಲಿ ಕಟ್ಟೋಣ ಅನ್ನುವುದು ಪ್ಲಾನ್. ಮೊದಲನೆಯದು ಡ್ಯೂಕ್ ಎಲಿಂಗ್ಟನ್, ಲಯನಲ್ ಹ್ಯಾಂಪ್ಟನ್ ಜಾಜ್ ತಂಡಗಳ ಜೊತೆ ಊರೂರು ತಿರುಗಿ ಹಾಡಿದ ಹುಡುಗಿ. ಎರಡನೆಯದು ಚಿನ್ನದ ಬಣ್ಣದ ಯೂನಿಫಾರ್ಮಿನ ಉಹುರಾ. ಹೌದು, 1966ರ ಮೊದಮೊದಲ ಶೂಟಿಂಗ್‌ನಲ್ಲಿ ಅವರು ಕೆಂಪು ಹಾಕಿರಲಿಲ್ಲ. ಮೂರನೆಯದು ಇದು. ನಾಲ್ಕನೆಯದು 1977ರ ನಾಸಾ ನಿಕೋಲ್ಸ್. ಸ್ಟಾರ್ ಟ್ರೆಕ್‌ನ ಅಂತರಿಕ್ಷ ಹಡಗಿನಲ್ಲಿ ಕೆಂಪು ಅಂಗಿ ತೊಟ್ಟು ಗ್ರಹಕ್ಕಿಳಿದವರು ವಾಪಸ್ ಬರುವುದಿಲ್ಲ ಅನ್ನುವ ಜೋಕ್ ಎಲ್ಲರಿಗೂ ಗೊತ್ತು. ಇವರು ಮಾತ್ರ ಆಮೇಲೆ ಆ ಕೆಂಪಿನಲ್ಲೇ ಮೂರೂ ಸೀಸನ್ ಮುಗಿಸಿ, 1991ರವರೆಗೆ ಆರು ಸ್ಟಾರ್ ಟ್ರೆಕ್ ಸಿನಿಮಾ ಮಾಡಿದರು.

ಈಗ ಕಗ್ಗಂಟಿನ ವಿಷಯ. ಮೈಬಣ್ಣದ ರೆಡಿಮೇಡ್ ಸೆಟ್ ತೆರೆದು ನೋಡಿ. ಬಿಳಿ ಮೈಗೆ ಸಾಲು ಸಾಲು ಬಾಟಲಿ, ಕಪ್ಪು ಮೈಗೆ ಒಂದೇ ಒಂದು ಕಂದು. ಅದಕ್ಕೆ ಬಿಳಿ ಬೆರೆಸಿ ಹೈಲೈಟ್ ಕೊಟ್ಟರೆ ಮುಖಕ್ಕೆ ವಿಭೂತಿ ಬಳಿದ ಹಾಗಾಗುತ್ತದೆ. ಹಾಗಾಗಿ ಬಿಳಿಯನ್ನು ದೂರ ಇಟ್ಟೆ. ಹೈಲೈಟ್‌ಗೆ ಓಕರ್ (ಮಣ್ಣಿನ ಹಳದಿ) ಮತ್ತು ಸ್ವಲ್ಪ ಕಿತ್ತಳೆ, ನೆರಳಿಗೆ ಕಪ್ಪಿನ ಬದಲು ಗಾಢ ನೇರಳೆ. ಇಷ್ಟು ನಿಮಗೂ ಗೊತ್ತಿರುವುದೇ. ಕೆನ್ನೆ, ಹಣೆ ಚೆನ್ನಾಗಿಯೇ ಬಂದವು. ಆದರೆ ದವಡೆ ಇತ್ತಲ್ಲ, ಅದು ಮಾಯ! ಮೇಲೆ ಕಪ್ಪು ಕೂದಲು, ಕೆಳಗೆ ಕಪ್ಪು ಕಾಲರ್, ನಡುವೆ ಗಲ್ಲದ ಅಡಿಯ ನೆರಳು. ಒಂದು ಅಡಿ ದೂರದಿಂದ ನೋಡಿದರೆ ಮುಖ ನೇರವಾಗಿ ಕಾಲರ್ ಒಳಗೆ ಕರಗಿ ಹೋದಂತಿತ್ತು. ದವಡೆಯ ಅಂಚನ್ನು ತಿಳಿ ಮಾಡಿದರೆ ಗಡ್ಡದ ಗೆರೆ ಬರೆದಂತೆ ಕಾಣುತ್ತಿತ್ತು.

ರೆಫರೆನ್ಸ್‌ಗೆ ಅಂತ ಸಂಚಿಕೆಗಳ ಚಿತ್ರ ತೆಗೆದಿಟ್ಟುಕೊಂಡರೆ ಇನ್ನೊಂದು ತಲೆನೋವು. ಒಂದರಲ್ಲಿ ಕೆಂಪು ಕಂದು, ಇನ್ನೊಂದರಲ್ಲಿ ತಣ್ಣನೆಯ ಕಂದು, ಮತ್ತೊಂದರಲ್ಲಿ ಕೆನ್ನೆಯ ಪಕ್ಕ ನೇರಳೆ. ಅದೇ ಹೆಂಗಸು, ಅದೇ ಮೇಕಪ್! ಬಣ್ಣ ಹೊಂದಿಸಿ ಹೊಂದಿಸಿ ತಲೆ ಕೆಟ್ಟು ಹೋಯಿತು. ಕೊನೆಗೆ ದಾರಿ ತೋರಿಸಿದ್ದು ಆ ಹಡಗಿನ ನಾಯಕ ಕ್ಯಾಪ್ಟನ್ ಕರ್ಕ್‌ನ ಅಂಗಿ. ಅದರ ಬಟ್ಟೆ ನಿಜಕ್ಕೂ ಹಸಿರು ಛಾಯೆಯದ್ದು, ಸ್ಟುಡಿಯೊ ದೀಪ ಮತ್ತು ಫಿಲ್ಮ್ ಸೇರಿ ಪರದೆ ಮೇಲೆ ಅದನ್ನು ಚಿನ್ನದ ಬಣ್ಣಕ್ಕೆ ತಿರುಗಿಸಿದ್ದವು. ಅಂಗಿಯ ಕಥೆಯೇ ಹೀಗಾದರೆ ಮುಖದ್ದು? ಸೆಟ್‌ನ ಗೋಡೆಗಳೆಲ್ಲ ಬೂದು. ಛಾಯಾಗ್ರಾಹಕ ಜೆರಿ ಫಿನರ್‌ಮನ್ ಬಣ್ಣದ ಜೆಲ್ (ಪಾರದರ್ಶಕ ಹಾಳೆ) ಹಾಕಿದ ದೀಪಗಳಿಂದ ಆ ಗೋಡೆಗಳಿಗೆ ನೇರಳೆ, ಹಸಿರು, ಕೆಂಪು ಬಳಿಯುತ್ತಿದ್ದರು. ಕಪ್ಪು ಮೈ ಬೆಳಕನ್ನು ಹೊಳಪಾಗಿ ಹಿಡಿಯುತ್ತದೆ. ಸುತ್ತ ಯಾವ ಬಣ್ಣ ಇದೆಯೋ ಅದೂ ಆ ಹೊಳಪಿನಲ್ಲಿ ಬಂದು ಕೂರುತ್ತದೆ. ಅಂದರೆ ನಾನು ಹುಡುಕಬೇಕಿದ್ದದ್ದು ಸರಿಯಾದ ಕಂದು ಅಲ್ಲ, ಅವರ ಮೇಲೆ ಬಿದ್ದ ಬೆಳಕು.

ದವಡೆಯ ಅಂಚಿಗೆ ನೀರಿನಷ್ಟು ತೆಳು ನೇರಳೆ ಗ್ಲೇಜ್, ಅಂದರೆ ಅಡಿಯದು ಕಾಣುವಂಥ ಬಣ್ಣದ ಪದರ ಕೊಟ್ಟೆ, ಗೋಡೆಯಿಂದ ಬಂದು ಬಿದ್ದ ಬೆಳಕಿನ ಹಾಗೆ. ತಕ್ಷಣ ದವಡೆ ಕಾಲರ್‌ನಿಂದ ಬಿಡಿಸಿಕೊಂಡು ಮುಂದೆ ಬಂತು. ವಾರ್ನಿಶ್‌ನಲ್ಲೂ ಇದೇ ಲೆಕ್ಕ. ಹೊಳಪಿಲ್ಲದ ಮ್ಯಾಟ್ ಹೊಡೆದರೆ ಬೆಳಕು ಚೆದುರಿ ಗಾಢ ಬಣ್ಣಗಳೆಲ್ಲ ಬೂದಾಗುತ್ತವೆ. ಬಟ್ಟೆಗೆ ಮ್ಯಾಟ್, ಮುಖಕ್ಕೆ ಅರೆ ಹೊಳಪಿನ ಸ್ಯಾಟಿನ್, ಕೆನ್ನೆಯ ಮೂಳೆ ಮತ್ತು ಮೂಗಿನ ತುದಿಗೆ ಮಾತ್ರ ಒಂದು ಚುಕ್ಕೆ ಹೊಳಪಿನ ವಾರ್ನಿಶ್. ಕಿವಿಯ ಬೆಳ್ಳಿ ಇಯರ್‌ಪೀಸ್ ಕಿಟ್‌ನಲ್ಲಿ ಬೆಲ್ಲದ ಮುದ್ದೆಯ ಹಾಗಿತ್ತು. ಕತ್ತರಿಸಿ ಹಾಕಿ, ಅಲ್ಯೂಮಿನಿಯಂ ಕೊಳವೆಯಿಂದ ಹೊಸದಾಗಿ ಮಾಡಿದೆ.

ಈ ಮುಖಕ್ಕೆ ಇಷ್ಟು ಹೊತ್ತು ಕೊಟ್ಟಿದ್ದಕ್ಕೆ ಕಾರಣ ಇದೆ. ಆಗಿನ ಫೋಟೊ ಲ್ಯಾಬ್‌ಗಳು ಬಣ್ಣ ಹೊಂದಿಸಲು ಇಟ್ಟುಕೊಂಡಿದ್ದ ಶರ್ಲಿ ಕಾರ್ಡ್‌ನಲ್ಲಿ ಇರುತ್ತಿದ್ದದ್ದು ಬಿಳಿ ಹೆಣ್ಣಿನ ಮುಖ. ಟೀವಿಯಲ್ಲಿ ಕಪ್ಪು ನಟಿಯರಿಗೆ ಸಿಗುತ್ತಿದ್ದದ್ದು ಬಹುಪಾಲು ಮನೆಕೆಲಸದವಳ ಪಾತ್ರ. ಅಂಥ ಹೊತ್ತಿನಲ್ಲಿ ಇಲಿನಾಯ್‌ನ ರಾಬಿನ್ಸ್ ಎಂಬ ಊರಿನ ಈ ಹೆಣ್ಣುಮಗಳು ಅಧಿಕಾರಿಯಾಗಿ ಹಡಗಿನ ನಿಯಂತ್ರಣ ಕೊಠಡಿಯಲ್ಲಿ ಕೂತರು. ಎಷ್ಟೋ ಸಂಚಿಕೆಗಳಲ್ಲಿ ಒಂದೆರಡು ಸಾಲು ಮಾತು, ಅಷ್ಟೇ. ಮೊದಲ ಸೀಸನ್ ಮುಗಿದಾಗ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಗೆ ಹೋಗುತ್ತೇನೆ ಅಂತ ನಿರ್ಮಾಪಕ ಜೀನ್ ರಾಡನ್‌ಬೆರಿಗೆ ಹೇಳಿಯೂ ಆಗಿತ್ತು. ಆಗಲೇ ಒಂದು ಸಮಾರಂಭದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸಿಕ್ಕರು. ನಿಕೋಲ್ಸ್ ಹೇಳಿಕೊಂಡಿರುವ ಪ್ರಕಾರ, ತಾವೇ ಅವರ ಅಭಿಮಾನಿ ಅಂತ ಪರಿಚಯ ಮಾಡಿಕೊಂಡ ಕಿಂಗ್, ಬಿಡುವ ಮಾತು ಕೇಳಿ ಬಿಡಲೇಬಾರದು ಅಂದರಂತೆ. ಅವರು ಉಳಿದರು.

ಉಳಿದಿದ್ದರ ಫಲ ಎಲ್ಲಿ ಕಂಡಿತು ಅಂದರೆ ನಾಲ್ಕನೇ ಬಸ್ಟ್‌ನಲ್ಲಿ. ನನ್ನ ಪ್ರಕಾರ ಅವರ ವೃತ್ತಿಯ ಶಿಖರ ಇದೇ, ಆದರೆ ಯಾರೂ ಇದರ ಕಿಟ್ ಮಾಡಿಲ್ಲ! 1977ರಲ್ಲಿ ನಾಸಾ ಪರವಾಗಿ ಊರೂರು ಸುತ್ತಿ, ಹೆಂಗಸರೂ ಕಪ್ಪು ಜನರೂ ಗಗನಯಾತ್ರಿ ಕೆಲಸಕ್ಕೆ ಅರ್ಜಿ ಹಾಕಿ ಅಂತ ಕರೆದರು. ಆ ಬಾರಿ 8,000ಕ್ಕೂ ಜಾಸ್ತಿ ಅರ್ಜಿ ಬಂದವು. 1978ರಲ್ಲಿ ಆರಿಸಿದ 35 ಜನರಲ್ಲಿ ಆರು ಹೆಂಗಸರು, ಮೂವರು ಕಪ್ಪು ಗಂಡಸರು. ಬಾಹ್ಯಾಕಾಶಕ್ಕೆ ಹೋದ ಅಮೆರಿಕದ ಮೊದಲ ಮಹಿಳೆ ಸ್ಯಾಲಿ ರೈಡ್, ಮೊದಲ ಕಪ್ಪು ಅಮೆರಿಕನ್ ಗೈಯನ್ ಬ್ಲೂಫರ್ಡ್ ಇಬ್ಬರೂ ಆ ತಂಡದವರೇ.

ಹಾಗಾಗಿ ಗಗನಯಾತ್ರಿಯ ಮೈಗೆ ಇನ್ನೊಂದು ತಲೆ ಜೋಡಿಸಿ ನಾನೇ ಮಾಡುತ್ತಿದ್ದೇನೆ. ಪೀಠಕ್ಕೆ ನಾಸಾದ ಲೋಗೊ ಇರುವ ಡೆಕಾಲ್ (ಅಂಟಿಸುವ ಚಿತ್ರ) ಬೇಕಿತ್ತು. ಅಂಗಡಿಯವರಿಗೆ ವರ್ಷ ಬರೆದು, ಚಿತ್ರವನ್ನೂ ಕಳಿಸಿ ಹೇಳಿದ್ದೆ. ಬಂದದ್ದು ನೀಲಿ ಗುಂಡಿನ ಲೋಗೊ! 1975ರಿಂದ 1992ರವರೆಗೆ ಇದ್ದದ್ದು ಕೆಂಪು ಅಕ್ಷರಗಳ ‘ವರ್ಮ್’ ಅಲ್ವಾ? ಎರಡೂ ಒಂದೇ ತಾನೇ ಸರ್ ಅಂತ ಉತ್ತರ ಬೇರೆ. ಯಾರ ಹತ್ತಿರವಾದರೂ ಮಿಕ್ಕಿದ ವರ್ಮ್ ಡೆಕಾಲ್ ಇದ್ದರೆ ಹೇಳಿ, ಈ ನೀಲಿ ಗುಂಡನ್ನು ಬದಲಿಗೆ ಕೊಡುತ್ತೇನೆ.

ಅಂದಹಾಗೆ ಇದಾದ ಮೇಲೆ ಮೇ ಜೆಮಿಸನ್! ಉಹುರಾಳನ್ನು ನೋಡಿ ಬೆಳೆದು, 1992ರಲ್ಲಿ ಎಂಡೆವರ್ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹಾರಿದ ಮೊದಲ ಕಪ್ಪು ಮಹಿಳೆ. ಮರುವರ್ಷ ಸ್ಟಾರ್ ಟ್ರೆಕ್‌ನ ಮುಂದಿನ ಸರಣಿಯಲ್ಲಿ ಬಂದು ನಟಿಸಿಯೂ ಹೋದರು. ಕಿತ್ತಳೆ ಸೂಟ್, ಗೊತ್ತಲ್ಲ, ಎಷ್ಟು ಕೋಟ್ ಹೊಡೆದರೂ ಅಡಿಯ ಬಣ್ಣ ಇಣುಕುತ್ತದೆ. ಅಡಿಗೆ ಗುಲಾಬಿ ಹಾಕಿ ನೋಡೋಣ ಅಂತಿದ್ದೇನೆ. ಹಾಕಿ ನೋಡಿದವರು ಯಾವ ಗುಲಾಬಿ ಅಂತ ತಿಳಿಸಿ.