ರನ್‌ವೇಯಲ್ಲಿ 120 ಮೀಟರ್ ಇಲ್ಲವಾದ ಬೆಳಿಗ್ಗೆ

ಬೆಟ್ಟದ ವಿಮಾನ ನಿಲ್ದಾಣದಲ್ಲಿ ಡಿಸ್ಪ್ಯಾಚ್ (ಹಾರಾಟಕ್ಕೆ ಮುನ್ನ ತೂಕ, ಇಂಧನ, ರನ್‌ವೇ ಲೆಕ್ಕ ನೋಡುವ) ಕೆಲಸ ಮಾಡುವವರಿಗೆ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರ ನಂತರ ಏರುವ ಒಂದೊಂದು ಡಿಗ್ರಿಯೂ ಪ್ರಯಾಣಿಕರ ಲೆಕ್ಕವೇ. ಹಿಮಾಚಲದ ಅಂಥದೊಂದು ನಿಲ್ದಾಣದಲ್ಲಿ, ಎಟಿಆರ್ 42 ಎಂಬ ಚಿಕ್ಕ ಟರ್ಬೋಪ್ರಾಪ್ (ಪ್ರೊಪೆಲ್ಲರ್) ವಿಮಾನ ದೆಹಲಿಗೆ ಹೊರಡಲು ಮುಕ್ಕಾಲು ಗಂಟೆ ಇದ್ದಾಗ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಣಿವೆಯ ಕಡೆಯ ತುದಿಯಲ್ಲಿ ಡಾಂಬರು ಕೆಲಸಕ್ಕಾಗಿ 120 ಮೀಟರ್ ಮುಚ್ಚಲಾಗಿದೆ ಎಂಬ ನೋಟಾಮ್ (ವಿಮಾನ ಸಿಬ್ಬಂದಿಗೆ ಹೊರಡಿಸುವ ಸೂಚನೆ) ಹಿಂದಿನ ಸಂಜೆಯೇ ಬಂದಿತ್ತು. ರಾತ್ರಿ ಪಾಳಿಯವರು ಅದನ್ನು ಓದಿ ಎಲ್‌ಡಿಎಯನ್ನು (ಇಳಿಯಲು ಲಭ್ಯವಿರುವ ದೂರ) ತಿದ್ದಿದ್ದರು; ಟೋರಾ (ಟೇಕಾಫ್ ಓಟಕ್ಕೆ ಲಭ್ಯವಿರುವ ದೂರ) ಮತ್ತು ಎಎಸ್‌ಡಿಎ (ವೇಗ ಪಡೆದು ಟೇಕಾಫ್ ಕೈಬಿಟ್ಟು ನಿಲ್ಲಲು ಲಭ್ಯವಿರುವ ದೂರ) ಮಾತ್ರ ಸಾಫ್ಟ್‌ವೇರ್‌ನಲ್ಲಿ ಹಳೆಯದೇ ಉಳಿದಿದ್ದವು. ಥ್ರೆಶ್‌ಹೋಲ್ಡ್ (ಇಳಿಯಲು ಬಳಸುವ ರನ್‌ವೇಯ ಆರಂಭದ ಗೆರೆ) ಒಳಕ್ಕೆ ಸರಿದರೆ ಇಳಿಯುವವರಿಗಷ್ಟೇ ತೊಂದರೆ ಎಂಬುದು ಅನೇಕ ನಿಲ್ದಾಣಗಳಲ್ಲಿ ನಿಜ. ನಮ್ಮಲ್ಲಿ ಹಾಗಲ್ಲ. ವಿಮಾನ ಕಣಿವೆಯ ಕಡೆಯಿಂದ ಬಂದು ಬೆಟ್ಟದತ್ತ ಇಳಿಯುತ್ತದೆ, ಮರಳುವಾಗ ಕಣಿವೆಯತ್ತಲೇ ಓಡಿ ಮೇಲೇರುತ್ತದೆ. ಹಾಗಾಗಿ ಬರುವಾಗ ಕಳೆದುಕೊಂಡ ಅದೇ ತುಂಡನ್ನು ಹೋಗುವಾಗಲೂ ಕಳೆದುಕೊಳ್ಳುತ್ತದೆ. ಲೋಡ್‌ಶೀಟ್ (ವಿಮಾನದ ತೂಕದ ಪಟ್ಟಿ) ಕೈಗೆ ಬಂದಾಗ ಟೇಕಾಫ್ ತೂಕ ಹಿಂದಿನ ದಿನದಷ್ಟೇ ಇದ್ದುದನ್ನು ಕಂಡು ನನಗೆ ಸಂಶಯ ಬಂತು. ನೋಟಾಮ್ ತೆಗೆದು, ಆ ಮೂರರ ಜೊತೆ ಟೋಡಾ (ಟೇಕಾಫ್‌ಗೆ ಲಭ್ಯವಿರುವ ಒಟ್ಟು ದೂರ) ಸೇರಿ ನಾಲ್ಕು ದೂರಗಳನ್ನೂ ಒಂದೊಂದಾಗಿ ಬೆರಳಿಟ್ಟು ಓದಿದೆ.

ಇಂಥ ಕಡೆ 120 ಮೀಟರ್ ಎಂದರೆ ಎಷ್ಟು ಎಂಬುದನ್ನು ಬಯಲು ಸೀಮೆಯ ಲೆಕ್ಕದಿಂದ ಅಳೆಯಲಾಗದು. ಶಿಮ್ಲಾದ ಜುಬ್ಬರ್‌ಹಟ್ಟಿ ನಿಲ್ದಾಣವನ್ನೇ ನೋಡಿ: ಸಮುದ್ರಮಟ್ಟದಿಂದ ಸುಮಾರು 1,540 ಮೀಟರ್ ಎತ್ತರ, ರನ್‌ವೇ ಸುಮಾರು 1,200 ಮೀಟರ್. ಆ ಎತ್ತರಕ್ಕೆ ಪ್ರಮಾಣಿತ ಉಷ್ಣಾಂಶ 5 ಡಿಗ್ರಿ. ಬೇಸಿಗೆಯಲ್ಲಿ ಅದು 30ಕ್ಕೆ ಏರಿದರೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ಸಾಂದ್ರತೆಯ ಲೆಕ್ಕದಲ್ಲಿ ವಿಮಾನಕ್ಕೆ ಅನಿಸುವ ಎತ್ತರ) ಸುಮಾರು 8,000 ಅಡಿ ತಲುಪುತ್ತದೆ. ಸ್ಪೀಡ್ ಮೀಟರಿನಲ್ಲಿ ಅದೇ ಅಂಕಿ ಕಂಡರೂ ನೆಲದ ಮೇಲಿನ ನಿಜವಾದ ವೇಗ ಸಮುದ್ರಮಟ್ಟದಲ್ಲಿ ಇರುವುದಕ್ಕಿಂತ ಎಂಟನೇ ಒಂದು ಪಾಲು ಹೆಚ್ಚಿರುತ್ತದೆ, ಬ್ರೇಕ್ ನುಂಗಬೇಕಾದ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚಾಗುತ್ತದೆ, ಎಂಜಿನ್ ಕೊಡುವ ಬಲವೋ ಕುಗ್ಗಿರುತ್ತದೆ. ವೇಗ ಕೂಡಿಸಿಕೊಳ್ಳಲು ಹೆಚ್ಚು ರನ್‌ವೇ ಬೇಕು, ವಿ1 (ಟೇಕಾಫ್ ಕೈಬಿಡಲು ನಿರ್ಧರಿಸಬಹುದಾದ ಕೊನೆಯ ವೇಗ) ಹತ್ತಿರ ಎಂಜಿನ್ ಕೈಕೊಟ್ಟರೆ ನಿಲ್ಲಲೂ ಹೆಚ್ಚು ರನ್‌ವೇ ಬೇಕು. ಇವೆರಡನ್ನೂ ಕೊಡಬೇಕಾದ ಜಾಗದಿಂದಲೇ ಆ ತುಂಡು ಹೋಗಿರುತ್ತದೆ. ಇಳಿಯುವಾಗಲೂ ಟರ್ಬೋಪ್ರಾಪ್ ಲಭ್ಯ ದೂರದ ಶೇಕಡಾ 70ರೊಳಗೆ ನಿಲ್ಲುವಂತೆ ಡಿಸ್ಪ್ಯಾಚ್ ಲೆಕ್ಕ ಇರಬೇಕು. 1,200 ಮೀಟರ್ ಇದ್ದರೆ 840 ಸಿಗುತ್ತದೆ, 120 ಕಳೆದರೆ 756 ಮಾತ್ರ.

ಹೊಸ ಅಂಕಿಗಳನ್ನು ಕೈಯಿಂದ ತುಂಬಿ ಲೆಕ್ಕ ಹಾಕಿಸಿದಾಗ, ಹತ್ತು ಜನರನ್ನು ಇಳಿಸಬೇಕೆಂದು ತಿಳಿಯಿತು. ಅಷ್ಟರಲ್ಲಿ ಬೋರ್ಡಿಂಗ್ ಪಾಸ್ ಹಂಚಿಯಾಗಿತ್ತು, ಬ್ಯಾಗ್‌ಗಳು ಟ್ರಾಲಿಯಲ್ಲಿದ್ದವು. ಕಮರ್ಷಿಯಲ್ ವಿಭಾಗದಿಂದ ಫೋನ್ ಬಂತು. ನಿನ್ನೆ ಇದೇ ತೂಕದಲ್ಲಿ ಹೋಗಿದೆಯಲ್ಲ, ಎದುರುಗಾಳಿಯೂ ಇದೆಯಲ್ಲ ಎಂದರು. ಎದುರುಗಾಳಿ ಇದ್ದದ್ದು ನಿಜ. ಆದರೆ ಕಣಿವೆಯ ಗಾಳಿ ಯಾವಾಗ ಬೇಕಾದರೂ ದಿಕ್ಕು ಬದಲಿಸಬಹುದು, ಮತ್ತು ನಿಯಮದಂತೆ ಎದುರುಗಾಳಿಯ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯಬಹುದು. ಕ್ಯಾಪ್ಟನ್ ಮಾತ್ರ ವಾದಕ್ಕೆ ಇಳಿಯಲಿಲ್ಲ. ಹೊಸ ಹಾಳೆಯನ್ನು ನಿಂತಲ್ಲೇ ಓದಿ, ಇಂಧನವನ್ನು ಚಂಡೀಗಢದವರೆಗೆ ಸಾಲುವಷ್ಟು ಇಟ್ಟುಕೊಂಡು ಅಲ್ಲಿ ತುಂಬಿಸಿಕೊಂಡರೆ ಎಷ್ಟು ಉಳಿಯುತ್ತದೆ ಎಂದು ಕೇಳಿದರು. ಸುಮಾರು 300 ಕಿಲೋ ಉಳಿಯುತ್ತಿತ್ತು. ಸಾಮಾನು ಸೇರಿ ಒಬ್ಬರಿಗೆ 90 ಕಿಲೋ ಹಿಡಿದರೆ ಮೂವರು. ಉಳಿದ ಏಳು ಜನ ಇಳಿಯಲೇಬೇಕಿತ್ತು.

ಆ ಮಾತನ್ನು ಅವರಿಗೆ ಹೇಳುವ ಹೊಣೆ ಕೌಂಟರಿನ ಹುಡುಗಿಯ ಮೇಲೆ ಬಿತ್ತು. ಕೊನೆಗೆ ಚೆಕ್‌-ಇನ್ ಆದವರು ಮೊದಲು ಇಳಿಯಬೇಕೆಂಬ ಪದ್ಧತಿಯಂತೆ ದೆಹಲಿಯ ಆಸ್ಪತ್ರೆಗೆ ಹೊರಟಿದ್ದ ಹಿರಿಯರೊಬ್ಬರ ಹೆಸರೂ ಪಟ್ಟಿಯಲ್ಲಿತ್ತು. ಅವರು ಎಕ್ಸ್‌ರೇ ಕವರನ್ನು ಎದೆಗವಚಿಕೊಂಡು, ಆಕಾಶ ಇಷ್ಟು ಸ್ವಚ್ಛವಿದೆಯಲ್ಲಮ್ಮ, ಏಕೆ ಬಿಡುವುದಿಲ್ಲ ಎಂದು ಕೇಳಿದರು. ಪ್ರವಾಸಕ್ಕೆ ಬಂದಿದ್ದ ಯುವಕನೊಬ್ಬ ತನ್ನ ಸೀಟು ಬಿಟ್ಟುಕೊಟ್ಟ. ಅದು ಅವನ ಒಳ್ಳೆಯತನ. ನಮ್ಮ ವ್ಯವಸ್ಥೆಯಲ್ಲಿ ಅಂಥವರಿಗೆಂದು ಯಾವ ಏರ್ಪಾಡೂ ಇರಲಿಲ್ಲ.

ನಾನು ಕರಾವಳಿಯವನು. 2010ರ ಮೇ 22ರಂದು ಮಂಗಳೂರಿನ ಟೇಬಲ್‌ಟಾಪ್ ರನ್‌ವೇ ದಾಟಿ ಹೋದ ವಿಮಾನದಲ್ಲಿ 158 ಜನ ತೀರಿಕೊಂಡರು. ಅಲ್ಲಿ ರನ್‌ವೇ 2,450 ಮೀಟರ್ ಇತ್ತು, ಎತ್ತರ ನೂರು ಮೀಟರಿನ ಆಸುಪಾಸು, ಕಾರಣಗಳೂ ಬೇರೆ. ಆದರೂ ರನ್‌ವೇಯ ಆಚೆ ನೆಲವೇ ಇಲ್ಲದ ಕಡೆ ಕೊನೆಯ ಮೀಟರುಗಳನ್ನು ಚೌಕಾಸಿಗೆ ಇಡುವಂತಿಲ್ಲ ಎಂಬುದನ್ನು ನಮ್ಮೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆ ದಿನದಿಂದ ನಮ್ಮ ಪಾಳಿಯಲ್ಲಿ ನೋಟಾಮ್ ಬಂದ ಕೂಡಲೇ ನಾಲ್ಕೂ ದೂರಗಳನ್ನು ಎರಡೂ ದಿಕ್ಕುಗಳಿಗೆ ಪ್ರತ್ಯೇಕವಾಗಿ ಬರೆದು, ತುಂಬಿದವರೊಬ್ಬರು, ನೋಡಿದವರೊಬ್ಬರು ಸಹಿ ಮಾಡುತ್ತೇವೆ. ಇದು ನಮ್ಮ ಕೈಯಲ್ಲಿದ್ದ ಕೆಲಸ. ಟಿಕೆಟ್ ಮಾರಾಟ ನಮ್ಮ ಕೈಯಲ್ಲಿಲ್ಲ. ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲಿಗೆ ಎಷ್ಟು ಸೀಟು ಸಾಧ್ಯವೋ ಅಷ್ಟನ್ನೇ ಮಾರಬೇಕು, ಇಲ್ಲವೇ ವಿಮಾನವನ್ನು ಏಳು ಗಂಟೆಗೇ ಕಳುಹಿಸಬೇಕು ಎಂದು ಲೆಕ್ಕಸಹಿತ ಬರೆದುಕೊಟ್ಟಿದ್ದೇವೆ. ಜನವರಿಯ ಚಳಿಯಲ್ಲಿ ಒಯ್ಯಬಹುದಾದ ಸಂಖ್ಯೆಯನ್ನೇ ವರ್ಷವಿಡೀ ಮಾರುತ್ತಿರುವವರೆಗೆ, ಇಳಿಯಬೇಕಾದವರ ಹೆಸರು ಕರೆಯುವ ಕೆಲಸ ಆ ಕೌಂಟರಿನ ಹುಡುಗಿಯದೇ ಆಗಿರುತ್ತದೆ.