ವಿಭಜನೆಯ ಪಾಠದಲ್ಲಿ ಮತದಾರರ ಅರ್ಹತೆ

ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಬೋಧಿಸುವ ನಾನು, ಮುಸ್ಲಿಮರಿಗೆ ಪ್ರತ್ಯೇಕ ರಾಜ್ಯಗಳು ಬೇಕೆಂದ ಮುಸ್ಲಿಂ ಲೀಗಿನ 1940ರ ಲಾಹೋರ್ ನಿರ್ಣಯವನ್ನು ಹೇಳುವ ತರಗತಿಯಲ್ಲೇ ಅದರ ಮರುತಿಂಗಳು ದೆಹಲಿಯಲ್ಲಿ ಸೇರಿದ ಆಜಾದ್ ಮುಸ್ಲಿಂ ಸಮ್ಮೇಳನವನ್ನೂ ಹೇಳುತ್ತೇನೆ. ಸಿಂಧ್ ಪ್ರಾಂತದ ಪ್ರಧಾನಿಯಾಗಿದ್ದ (ಇಂದಿನ ಮಾತಿನಲ್ಲಿ ಮುಖ್ಯಮಂತ್ರಿ) ಅಲ್ಲಾ ಬಕ್ಷ್ ಸೂಮ್ರೋ ಅದರ ಅಧ್ಯಕ್ಷರು. ಜಮೀಯತ್ ಉಲಮಾದ ಧರ್ಮಪಂಡಿತರು, ಅಹ್ರಾರ್ ಪಕ್ಷದವರು, ನೇಕಾರರ ಸಂಘಟನೆಯಾದ ಮೋಮಿನ್ ಕಾನ್ಫರೆನ್ಸಿನವರು ಅಲ್ಲಿ ಒಂದಾಗಿ ದೇಶ ಒಡೆಯುವುದನ್ನು ವಿರೋಧಿಸಿದರು. ದೇವಬಂದಿನ ವಿದ್ವಾಂಸ ಹುಸೇನ್ ಅಹ್ಮದ್ ಮದನಿಯವರಂತೂ, ರಾಷ್ಟ್ರವನ್ನು ಕಟ್ಟುವುದು ನೆಲವೇ ಹೊರತು ಧರ್ಮವಲ್ಲವೆಂದು 1938ರಲ್ಲೇ ವಾದಿಸಿದ್ದರು.

ಇಷ್ಟು ಜನ ವಿರೋಧಿಸಿದ್ದರೆ 1946ರ ಚುನಾವಣೆಯಲ್ಲಿ ಮುಸ್ಲಿಂ ಮೀಸಲು ಸ್ಥಾನಗಳನ್ನು ಲೀಗ್ ಬಾಚಿಕೊಂಡದ್ದು ಹೇಗೆ ಎಂಬ ಪ್ರಶ್ನೆ ಏಳಲೇಬೇಕು. ಆಗ ನಾನು ಅಂದಿನ ಮತದಾರರ ಅರ್ಹತೆಯನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ: ಆಸ್ತಿ, ತೆರಿಗೆ, ವಿದ್ಯೆ. ನಿಮ್ಮ ಮುತ್ತಜ್ಜನ ಹೆಸರಿನಲ್ಲಿ ಜಮೀನಿತ್ತೇ, ಅವರು ಕಂದಾಯ ಕಟ್ಟುತ್ತಿದ್ದರೇ, ಅವರಿಗೆ ಓದುಬರಹ ಬರುತ್ತಿತ್ತೇ ಎಂದು ಕೇಳುತ್ತಾ ಹೋದಂತೆ ಎತ್ತಿದ ಕೈಗಳು ಒಂದೊಂದಾಗಿ ಇಳಿಯುತ್ತವೆ. ತನ್ನ ಮುತ್ತಜ್ಜ ಇಳಕಲ್ಲಿನಲ್ಲಿ ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದರೆಂದ ವಿದ್ಯಾರ್ಥಿನಿಗೆ, ಬಿಹಾರದ ಮೋಮಿನ್ ನೇಕಾರರಲ್ಲಿ ಬಹುಪಾಲು ಜನ ಮತಪೆಟ್ಟಿಗೆಯಿಂದ ಏಕೆ ದೂರವೇ ಉಳಿದರೆಂಬುದನ್ನು ನಾನು ಮತ್ತೆ ವಿವರಿಸಬೇಕಾಗಲಿಲ್ಲ.

ಲೀಗಿಗಿದ್ದ ಬೆಂಬಲವನ್ನು ಮುಚ್ಚಿಡಬಾರದು. ಮತವಿದ್ದ ಮುಸ್ಲಿಮರಲ್ಲಿ ಅದು ದೊಡ್ಡದಾಗಿಯೇ ಇತ್ತು. ಮತವಿಲ್ಲದವರೆಲ್ಲ ವಿಭಜನೆಯ ವಿರೋಧಿಗಳಾಗಿದ್ದರೆಂದು ಹೇಳುವುದೂ ತಪ್ಪು. ಆದರೆ ಸಮುದಾಯದ ಒಂದು ಭಾಗಕ್ಕಷ್ಟೇ ಮತವಿದ್ದ, ಅದೂ 1909ರಿಂದ ಮುಸ್ಲಿಂ ಸ್ಥಾನಗಳಿಗೆ ಮುಸ್ಲಿಮರಷ್ಟೇ ಮತ ಹಾಕುವ ಪ್ರತ್ಯೇಕ ಮತಕ್ಷೇತ್ರಗಳಲ್ಲಿ ನಡೆದುಬಂದ ಚುನಾವಣೆಯ ಫಲಿತಾಂಶವನ್ನು ಇಡೀ ಸಮುದಾಯದ ತೀರ್ಮಾನವೆಂದು ಹದಿಹರೆಯದ ಮಕ್ಕಳ ತಲೆಗೆ ತುಂಬುವುದು ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ. ಆದ್ದರಿಂದ ಸೀಟುಗಳ ಲೆಕ್ಕಕ್ಕೆ ಮೊದಲು ಮತದಾರರ ಲೆಕ್ಕ ಎಂಬ ಕ್ರಮವನ್ನು ರೂಢಿಸಿಕೊಂಡಿದ್ದೇನೆ.

ಈಗ ಪಾಕಿಸ್ತಾನದಲ್ಲಿರುವ, ಪಠಾಣರ ನಾಡಾದ ವಾಯವ್ಯ ಗಡಿ ಪ್ರಾಂತಕ್ಕೆ ಒಂದು ಪೂರ್ತಿ ಅವಧಿ ಬೇಕಾಗುತ್ತದೆ. ಮುಸ್ಲಿಮರೇ ಬಹುಸಂಖ್ಯಾತರಾಗಿದ್ದ ಅಲ್ಲಿ, ಅದೇ ಸೀಮಿತ ಮತಾಧಿಕಾರದಲ್ಲೂ 1946ರಲ್ಲಿ ಕಾಂಗ್ರೆಸ್ ಗೆದ್ದು ಡಾ. ಖಾನ್ ಸಾಹೇಬರು ಸರ್ಕಾರ ರಚಿಸಿದರು. 1947ರ ಜುಲೈನ ಜನಮತಗಣನೆಯಲ್ಲಿ ಭಾರತ, ಪಾಕಿಸ್ತಾನ ಎಂಬ ಎರಡೇ ಆಯ್ಕೆಗಳಿದ್ದು, ಸ್ವತಂತ್ರ ಪಠಾಣ ನಾಡಿನ ಆಯ್ಕೆ ಇಲ್ಲದ್ದರಿಂದ ಖಾನ್ ಸಾಹೇಬರ ತಮ್ಮ ಅಬ್ದುಲ್ ಗಫಾರ್ ಖಾನರ ಅಹಿಂಸಾವಾದಿ ಸಂಘಟನೆಯಾದ ಖುದಾಯಿ ಖಿದ್ಮತ್‌ಗಾರರು ಅದನ್ನು ಬಹಿಷ್ಕರಿಸಿದರು. ಗಫಾರ್ ಖಾನರು ಪಾಕಿಸ್ತಾನದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದರು. ದೆಹಲಿ ಸಮ್ಮೇಳನದ ಸೂಮ್ರೋ ಅವರನ್ನು 1943ರ ಮೇ ತಿಂಗಳಲ್ಲೇ ಶಿಕಾರ್‌ಪುರದಲ್ಲಿ ಕೊಲ್ಲಲಾಗಿತ್ತು.